ಜಾಮೀನಿಗೆ ಕೂತ ದ್ರಾಕ್ಷಕ್ಕ

ನಮ್ಮ ಊರಿನ ಪೂರ್ವಕ್ಕೆ, ಹತ್ತಿ ಗಿರಣಿ ದಾಟಿದ ಮೇಲೆ ಗಡಿ ಬರುತ್ತದೆ. ಸುಣ್ಣ ಬಳಿದ ಕಲ್ಲುಗಳ ಎರಡು ಸಾಲು, ನಡುವೆ ಎಂಟು ಹೆಜ್ಜೆ ಅಗಲದ ಖಾಲಿ ಜಾಗ. ಆ ಕಡೆ ಇರುವುದೂ ನಮ್ಮದೇ ಮಾತಾಡುವ, ನಮ್ಮಂತೆಯೇ ಉಣ್ಣುವ ಊರು. ಅದನ್ನು ನಾವು ಆಚೆ ಎನ್ನುತ್ತೇವೆ, ಅವರು ನಮ್ಮನ್ನು ಆಚೆ ಎನ್ನುತ್ತಾರೆ. ನಾನು ಹೇಳುತ್ತಿರುವ ಕಾಲದಲ್ಲಿ ಎರಡೂ ಕಡೆ ವ್ಯಾಪಾರ ಮಾಡುವವರು ತಮ್ಮ ರಕ್ತಸಂಬಂಧದ ಒಬ್ಬರನ್ನು ಆಚೆ ಜಾಮೀನು ಕೂರಿಸಬೇಕಿತ್ತು. ವರ್ಷದ ಕಡತ ಮುಚ್ಚುವ ತನಕ ಅವರು ಈಚೆ ಬರುವಂತಿಲ್ಲ, ಮನೆಯ ಉಳಿದವರು ಆಚೆ ಹೋಗುವಂತಿಲ್ಲ. ಬಳೆಯವರು, ಹಂಚಿನವರು, ಬೆಲ್ಲದವರು, ಎಲ್ಲರ ಮನೆಯಿಂದಲೂ ಹಾಗೆ ಒಬ್ಬರು ಹೋಗಿರುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಶಾಲೆಯಲ್ಲಿ ಕೇಳಿದರೆ ಮಕ್ಕಳು, ಐದು ಮತ್ತು ಆಚೆ ಒಂದು, ಎಂದು ಹೇಳುತ್ತಿದ್ದವು. ನಮ್ಮ ಮನೆಯಿಂದ ಕೂತವಳು ನನ್ನ ಅಕ್ಕ ದ್ರಾಕ್ಷಾಯಣಿ.

ನಮ್ಮದು ಗೋಲಿ ಸೋಡಾದ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಮುಂದಿನ ತಗಡಿನ ಶೆಡ್ಡು, ಕೈಯಿಂದ ತಿರುಗಿಸುವ ಒಂದು ಮಷೀನು, ಎರಡು ತಳ್ಳುಗಾಡಿ. ಅಪ್ಪ ಇರುವಷ್ಟು ದಿನ ಈಚೆ ಮಾತ್ರ ಮಾರುತ್ತಿದ್ದ, ಅಷ್ಟರಲ್ಲೇ ನಾಲ್ಕು ಜನರ ಹೊಟ್ಟೆ ತುಂಬುತ್ತಿತ್ತು. ಅವನು ತೀರಿಕೊಂಡಾಗ ನನಗೆ ಇಪ್ಪತ್ಮೂರು ವರ್ಷ. ಆಚೆ ಕಡೆ ಸೋಡಾ ಮಾಡುವವರೇ ಇಲ್ಲ, ಬೇಸಿಗೆಯಲ್ಲಿ ಅಲ್ಲಿನ ಜನ ಬಾವಿ ನೀರಿಗೆ ನಿಂಬೆ ಹಿಂಡಿಕೊಂಡು ಕುಡಿಯುತ್ತಾರೆ ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವ್ವನಿಗೆ ಮನಸ್ಸಿರಲಿಲ್ಲ. ಅಕ್ಕನಿಗೆ ಒಂದು ಗಂಡು ಗೊತ್ತು ಮಾಡಿಟ್ಟಿದ್ದರು, ಅಪ್ಪನ ವರ್ಷ ಕಳೆಯಲಿ ಎಂದು ಮದುವೆ ತಡೆದಿತ್ತು. ನಾನು ಬಿಡಲಿಲ್ಲ. ದಿನಾ ಊಟಕ್ಕೆ ಕೂತಾಗ ಅದೇ ಮಾತು ತೆಗೆಯುತ್ತಿದ್ದೆ.

ಕೊನೆಗೆ ಅಕ್ಕನೇ ಹೇಳಿದಳು. "ನಾ ಹೋಗಿ ಕೂಡ್ತೀನಿ ಬಿಡವ್ವಾ. ರುದ್ರಾನ ಕೈಗೆ ಮಷೀನ್ ಒಗ್ಗೈತಿ, ಅಂವ ಇಲ್ಲೆ ಇರಬೇಕು. ನಿನಗ ಮಂಡಿನೋವು. ಮೂರು ತಿಂಗಳಿಗೆ ಕಡತ ಮುಚ್ಚತಾರಂತ. ಮದುವಿಗೆ ಇನ್ನೂ ಏಳು ತಿಂಗಳು ಐತಿ."

ರುದ್ರಾ ಎಂದರೆ ನಾನು. ಅಕ್ಕನಿಗೆ ಆಗ ಇಪ್ಪತ್ತೇಳು. ಒಂದು ಟ್ರಂಕು, ಒಂದು ಚಾಪೆ, ಮೂರು ತಿಂಗಳಿಗಾಗುವಷ್ಟು ಹಪ್ಪಳ ಉಪ್ಪಿನಕಾಯಿ ತೆಗೆದುಕೊಂಡು ಹೋದಳು. ಕಲ್ಲಿನ ಸಾಲಿನ ಹತ್ತಿರ ಗಡಿ ಕಚೇರಿಯ ಹಂಪಣ್ಣವರ ಸಾಹೇಬರು ಅವಳ ಹೆಸರು ಬರೆದುಕೊಂಡು, "ಹೋಗಿ ಬಾ ತಂಗಿ" ಎಂದರು. ಅವಳು ಎಂಟು ಹೆಜ್ಜೆ ದಾಟಿ ತಿರುಗಿ ನೋಡಿ ನಕ್ಕಳು. ಆಚೆ ಜಾಮೀನು ಸಾಲು ಎಂಬ ಓಣಿಯಿತ್ತು. ಒಂದಕ್ಕೊಂದು ಅಂಟಿಕೊಂಡ ಕೋಣೆಗಳು, ಈಚೆಯಿಂದ ಹೋಗಿ ಕೂತವರೆಲ್ಲ ಅಲ್ಲಿರುತ್ತಿದ್ದರು. ಅಕ್ಕನಿಗೆ ಹದಿನಾಲ್ಕನೇ ಕೋಣೆ ಸಿಕ್ಕಿತು. ನಾನು ಗಾಡಿಯನ್ನು ಕಲ್ಲಿನವರೆಗೆ ತಳ್ಳಿಕೊಂಡು ಹೋದರೆ ಗೇಟಿನ ಆಳುಗಳು ಅದನ್ನು ಆ ಬದಿಗೆ ಮುಟ್ಟಿಸುತ್ತಿದ್ದರು, ಅಲ್ಲಿಂದ ಅಕ್ಕ ತಳ್ಳಿಕೊಂಡು ಹೋಗಿ ಅಂಗಡಿಗಳಿಗೆ ಹಾಕುತ್ತಿದ್ದಳು. ಹೇಳಿದ್ದು ಸುಳ್ಳಾಗಿರಲಿಲ್ಲ, ಆಚೆ ಜನ ನಮ್ಮ ಸೋಡಾಕ್ಕೆ ಮುಗಿಬಿದ್ದರು.

ಮೂರು ತಿಂಗಳು ಕಳೆಯಿತು, ಕಡತ ಮುಚ್ಚಲಿಲ್ಲ. ನಮ್ಮ ಕಚೇರಿಯವರು ಸೋಡಾವನ್ನು ನೀರು ಎಂದು ಬರೆಯುತ್ತಿದ್ದರು, ಆಚೆ ಕಚೇರಿಯವರು ಗಾಜು ಎಂದು ಬರೆಯುತ್ತಿದ್ದರು. ಇಷ್ಟು ನೀರು ಹೋಯಿತು ಎಂದು ಇಲ್ಲಿ ಇದ್ದರೆ ಇಷ್ಟು ಗಾಜು ಬಂತು ಎಂದು ಅಲ್ಲಿ ಇರುತ್ತಿತ್ತು. ನೀರಿಗೆ ಇಲ್ಲಿ ಸುಂಕ, ಗಾಜಿಗೆ ಅಲ್ಲಿ ಸುಂಕ. ಖಾಲಿ ಬಾಟಲಿ ತಿರುಗಿ ಬಂದರೆ ಅದು ಹೊಸ ಸರಕು ಎಂದು ಮತ್ತೊಂದು ಸುಂಕ. ಅದನ್ನೆಲ್ಲ ಕಟ್ಟಬಹುದಿತ್ತು, ಕಟ್ಟಿದೆವು ಕೂಡ. ಆದರೆ ಎರಡು ಕಡತಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ತಾಳೆಯಾಗದ ಕಡತ ಮುಂದಿನ ವರ್ಷಕ್ಕೆ ಹೋಗುತ್ತಿತ್ತು, ಅದರ ಜೊತೆ ಜಾಮೀನೂ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಗೊತ್ತು ಮಾಡಿದ್ದ ಗಂಡು ಎರಡು ವರ್ಷ ಕಾದ. ಒಳ್ಳೆಯವನೇ. ಮೂರನೇ ವರ್ಷ ಅವರ ಮನೆಯವರು ಬಂದು ಅವ್ವನ ಕೈ ಹಿಡಿದುಕೊಂಡು ಕೂತು, ಬೇರೆ ಕಡೆ ನೋಡಿದ್ದೇವೆ ಎಂದು ಹೇಳಿ ಹೋದರು.

ಶುಕ್ರವಾರ ಮಧ್ಯಾಹ್ನ ಮಾತಾಡುವ ಹೊತ್ತು. ಆಚೆ ಸಾಲಿನಲ್ಲಿ ಜಾಮೀನು ಕೂತವರು, ಈಚೆ ಸಾಲಿನಲ್ಲಿ ಮನೆಯವರು, ನಡುವೆ ಆ ಎಂಟು ಹೆಜ್ಜೆ. ನಲವತ್ತು ಮನೆಯವರು ಒಟ್ಟಿಗೇ ಕೂಗಿದರೆ ಯಾರ ಮಾತು ಯಾರಿಗೆ ಕೇಳಬೇಕು? ಜನ ಹೇಗೋ ಹೊಂದಿಸಿಕೊಂಡರು. ಬೆಲ್ಲದವರು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದರು. ಆಚೆ ಕೂತಿದ್ದ ಹಂಚಿನವರ ಮುದುಕ ಎಲ್ಲವನ್ನೂ ರಾಗ ಎಳೆದು ಕೇಳುತ್ತಿದ್ದ, ಮೊಮ್ಮಗನ ಜ್ವರವನ್ನೂ. ನಮ್ಮ ಅಕ್ಕ ಎರಡೂ ಕೈ ಬಾಯಿಯ ಸುತ್ತ ಇಟ್ಟುಕೊಂಡು ಒಂದೊಂದೇ ಮಾತನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೂಗುತ್ತಿದ್ದಳು. ಅವ್ವನ ಮಂಡಿ ಹೇಗಿದೆ, ಗಾಡಿಯ ಎಡಗಾಲಿ ಸರಿ ಮಾಡಿಸು, ಈ ವಾರ ನಿಂಬೆ ಸೋಡಾ ಹೆಚ್ಚು ಕಳಿಸು. ನಾಲ್ಕೈದು ವರ್ಷದಲ್ಲಿ ಅವಳ ದನಿ ಒಡೆದು ಗಂಡಸಿನ ದನಿಯಂತೆ ಆಯಿತು. ನನ್ನ ಮದುವೆಯನ್ನು ಕಲ್ಲಿನ ಹತ್ತಿರವೇ ಚಪ್ಪರ ಹಾಕಿ ಮಾಡಿದೆವು. ಅಕ್ಕಿಕಾಳಿನ ಹೊತ್ತಿಗೆ ಅವಳು ಆಚೆ ನಿಂತು ಕೈ ತುಂಬ ಎಸೆದಳು. ಎಲ್ಲವೂ ನಡುವಿನ ಮಣ್ಣಿನಲ್ಲಿ ಬಿದ್ದವು, ಗುಬ್ಬಿಗಳು ಬಂದು ತಿಂದವು. ನನ್ನ ಹೆಂಡತಿ ಸುವರ್ಣಾ ಅಲ್ಲಿಂದಲೇ ಬಗ್ಗಿ ನಮಸ್ಕಾರ ಮಾಡಿದಳು.

ಈಗ ಹೇಳಲೇಬೇಕಾದ ಒಂದು ಸಂಗತಿಯಿದೆ. ಎರಡನೇ ವರ್ಷದ ಕೊನೆಗೆ ನಾನು ಕಚೇರಿಗೆ ಹೋಗಿ ಹಂಪಣ್ಣವರ ಸಾಹೇಬರ ಮೇಜಿನ ಮುಂದೆ ಅತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದರು.

"ನೋಡು ಮಹಾರುದ್ರಪ್ಪ, ಇದಕ್ಕ ಒಂದು ದಾರಿ ಐತಿ. ಒಂದು ವರ್ಷ ನಿನ್ನ ಒಂದು ಬಾಟ್ಲಿನೂ ಗಡಿ ದಾಟಬಾರದು. ಖಾಲಿ ವರ್ಷದ ಕಡತದಾಗ ತಾಳೆ ನೋಡೂದು ಏನ್ ಇರತೈತಿ? ತಾನ ಮುಚ್ಚತೈತಿ, ಅದರ ಕೂಡ ಹಳೇವೂ ಮುಚ್ಚತಾವ. ನಿಮ್ಮ ಅಕ್ಕ ಮನಿಗೆ ಬರತಾಳ."

"ಆಮ್ಯಾಲೆ ಮತ್ತ ವ್ಯಾಪಾರ ಸುರು ಮಾಡಬಹುದೇನ್ರಿ?"

"ಮಾಡಬಹುದು. ಮತ್ತ ಯಾರರೆ ಒಬ್ರು ಹೋಗಿ ಕೂಡಬೇಕು."

ನಾನು ಮನೆಗೆ ಬಂದೆ. ಈ ಮಾತನ್ನು ಅವ್ವನಿಗೂ ಹೇಳಲಿಲ್ಲ, ಶುಕ್ರವಾರ ಅಕ್ಕನಿಗೂ ಕೂಗಲಿಲ್ಲ. ಆ ವರ್ಷ ಆಚೆಯ ಎರಡು ಹೊಸ ಅಂಗಡಿಯವರು ಸೋಡಾ ಕೇಳಿದ್ದರು. ಮುಂದಿನ ವರ್ಷ ನಿಲ್ಲಿಸೋಣ ಎಂದುಕೊಂಡೆ. ಮುಂದಿನ ವರ್ಷ ಮದುವೆ ಬಂತು, ಅದರ ಮುಂದಿನ ವರ್ಷ ಮಗಳು ಅಶ್ವಿನಿ ಹುಟ್ಟಿದಳು, ಆಮೇಲೆ ಕರೆಂಟಿನ ಮಷೀನು ಬಂತು. ಪ್ರತಿ ವರ್ಷವೂ ನನಗೆ ಒಂದು ಕಾರಣ ಇತ್ತು, ಪ್ರತಿ ಕಾರಣವೂ ನಿಜವಾಗಿತ್ತು. ಇಂಥ ದಾರಿ ಇದೆಯೆಂದು ಅಕ್ಕನಿಗೆ ಗೊತ್ತಿಲ್ಲವಲ್ಲ ಎಂಬುದೇ ನನಗೊಂದು ಸಮಾಧಾನವಾಗಿತ್ತು. ಗೊತ್ತಿದ್ದರೆ ಕೇಳುತ್ತಿದ್ದಳು, ಕೇಳಿದರೆ ಒಂದು ಗಳಿಗೆಯೂ ತಡ ಮಾಡದೆ ನಿಲ್ಲಿಸುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹನ್ನೆರಡನೇ ವರ್ಷ ಅವ್ವ ತೀರಿಕೊಂಡಳು. ನಮ್ಮಲ್ಲಿ ಹೋದವರನ್ನು ಕೂರಿಸಿ, ಹೂವು ಕಟ್ಟಿದ ವಿಮಾನದಲ್ಲಿ ಹೊತ್ತೊಯ್ಯುತ್ತಾರೆ. ನಾವು ಕೇಳಿಕೊಳ್ಳುವ ಮೊದಲೇ ಹಂಪಣ್ಣವರ ಸಾಹೇಬರು, ಕಲ್ಲಿನ ಹತ್ತಿರ ಕಾಲು ಗಂಟೆ ಇಳಿಸಿರಿ ಎಂದು ಹೇಳಿ ಕಳಿಸಿದ್ದರು. ಇಳಿಸಿದೆವು. ಆಚೆ ಅಕ್ಕ ನಿಂತಿದ್ದಳು, ಅವಳ ಹಿಂದೆ ಜಾಮೀನು ಸಾಲಿನವರು ಎಲ್ಲ ಬಂದು ನಿಂತಿದ್ದರು. ಅವಳು ಅಳಲಿಲ್ಲ. ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಆಮೇಲೆ ಎರಡೂ ಕೈ ಬಾಯಿಗೆ ಇಟ್ಟುಕೊಂಡು, ಶುಕ್ರವಾರ ಕೂಗುವ ಹಾಗೆಯೇ ಕೂಗಿದಳು.

"ಅವ್ವನ ಸೆರಗು ಜಾರೇತಿ. ಸರಿ ಮಾಡ್ರಿ. ಗಾಳಿಗೆ ಹಾರಾಕತ್ತೈತಿ."

ಸುವರ್ಣಾ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದು ಸಿಕ್ಕಿಸಿದಳು. "ಎಡಕ್ಕ ಇನ್ನೊಂಚೂರು," ಎಂದಳು ಅಕ್ಕ. ಸುವರ್ಣಾ ಮತ್ತೆ ಸರಿ ಮಾಡಿದಳು. "ಆತು," ಎಂದಳು ಅಕ್ಕ. ನಾವು ವಿಮಾನ ಎತ್ತಿಕೊಂಡು ಹೊರಟೆವು.

ಕಾರ್ಯ ಎಲ್ಲ ಮುಗಿದ ಮೇಲೆ ನಾನು ಶೆಡ್ಡಿನಲ್ಲಿ ಒಬ್ಬನೇ ಕೂತು, ಸಾಕು, ಇಂದಿನಿಂದ ಒಂದು ಬಾಟಲಿಯೂ ದಾಟುವುದು ಬೇಡ ಎಂದು ನಿರ್ಧಾರ ಮಾಡಿದೆ. ಅದು ಶನಿವಾರ. ಭಾನುವಾರವೂ ಆ ನಿರ್ಧಾರ ಇತ್ತು. ಸೋಮವಾರ ಬೆಳಿಗ್ಗೆ ಆಚೆಯ ಅಂಗಡಿಯವರು ಸೋಡಾ ಯಾವಾಗ ಬರುತ್ತದೆ ಎಂದು ಗೇಟಿನ ಆಳಿನ ಕೈಲಿ ಕೇಳಿ ಕಳಿಸಿದರು. ಗಾಡಿ ತುಂಬಿಸಿದ್ದೂ ನಾನೇ, ಕಲ್ಲಿನವರೆಗೆ ತಳ್ಳಿದ್ದೂ ನಾನೇ. ಆಚೆ ಬದಿಯಲ್ಲಿ ಅಕ್ಕ ಗಾಡಿ ಹಿಡಿದುಕೊಂಡು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ತಳ್ಳಿಕೊಂಡು ಹೋದಳು.

ಹತ್ತೊಂಬತ್ತನೇ ವರ್ಷ ಒಂದು ದಿನ ಗಡಿ ಕಚೇರಿಯ ಮುಂದೆ ಎಲ್ಲ ವ್ಯಾಪಾರಿಗಳನ್ನೂ ಕರೆದರು. ನಿವೃತ್ತಿಗೆ ಎರಡು ತಿಂಗಳಿದ್ದ ಹಂಪಣ್ಣವರ ಸಾಹೇಬರು ಮೆಟ್ಟಿಲ ಮೇಲೆ ನಿಂತು ಆದೇಶ ಓದಿದರು. ಎರಡೂ ಕಡೆಯವರು ಕೂತು ಮಾತಾಡಿದ್ದಾರೆ. ಇನ್ನು ಮುಂದೆ ಒಂದೇ ಅರ್ಜಿ, ಒಂದೇ ಕಿಟಕಿ, ಒಂದೇ ಕಡೆ ಒಂದೇ ಸಲ ಸುಂಕ. ನೀರು ಗಾಜು ಎಂಬ ಭೇದವಿಲ್ಲ, ಸೋಡಾ ಎಂದರೆ ಎರಡೂ ಕಡೆ ಸೋಡಾ. ಖಾಲಿ ಬಾಟಲಿಗೆ ಏನೂ ಇಲ್ಲ. ತಾಳೆಯಾಗದ ಹಳೆಯ ಕಡತಗಳನ್ನೆಲ್ಲ ಮುಚ್ಚಲಾಗಿದೆ. ಕೊನೆಯ ಸಾಲು ಇದು. "ಜಾಮೀನು ಪದ್ಧತಿ ಇವತ್ತಿನಿಂದ ಇರೂದಿಲ್ಲ." ಓದಿ ಮುಗಿಸಿ ಕಾಗದವನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಜನ ಓಡಿದರು. ಎಂಟು ಹೆಜ್ಜೆಯ ಆ ಮಣ್ಣಿನಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಾಗದಷ್ಟು ಧೂಳು ಎದ್ದಿತು. ಹಂಚಿನವರ ಮುದುಕ ಹಿಂದಿನ ವರ್ಷವೇ ಹೋಗಿಬಿಟ್ಟಿದ್ದ. ಆದರೂ ಅವನ ಮನೆಯವರು ಬಂದಿದ್ದರು, ಅವನಿದ್ದ ಕೋಣೆಯನ್ನಾದರೂ ನೋಡುತ್ತೇವೆ ಎಂದು. ನಾನು ಓಡಲಿಲ್ಲ, ನಡೆದುಕೊಂಡು ಹೋದೆ. ಅಕ್ಕ ಹದಿನಾಲ್ಕನೇ ಕೋಣೆಯ ಮುಂದೆ ಟ್ರಂಕಿನ ಮೇಲೆ ಕೂತಿದ್ದಳು. ಹತ್ತಿರದಿಂದ ನೋಡಿದರೆ ಅವಳು ನಾನು ತಿಳಿದುಕೊಂಡಿದ್ದಕ್ಕಿಂತ ಬಹಳ ಸಣ್ಣವಳಾಗಿದ್ದಳು. ಕೂದಲು ಬೆಳ್ಳಗಾಗಿದ್ದು ಗೊತ್ತಿತ್ತು, ಕೆಳಗಿನ ಎರಡು ಹಲ್ಲು ಇಲ್ಲದ್ದು ಗೊತ್ತಿರಲಿಲ್ಲ.

"ಬಂದಿ?" ಎಂದಳು.

ಮನೆಯಲ್ಲಿ ಅಶ್ವಿನಿಗೆ ಆಗ ಹದಿನಾಲ್ಕು. ಅಕ್ಕ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ಕಿವಿ ಹತ್ರ ಮಚ್ಚಿ ಐತಲ್ಲ ಈಕಿಗೆ. ಇಷ್ಟು ವರ್ಷ ಕಾಣಲೇ ಇಲ್ಲ ನನಗ," ಎಂದಳು. ಅವಳು ಹೇಳುವುದೆಲ್ಲ ಕೂಗಿದ ಹಾಗೆ ಇರುತ್ತಿತ್ತು. ಉಪ್ಪು ಕೇಳಿದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಅಶ್ವಿನಿ ಮೊದಲೆರಡು ದಿನ ನಕ್ಕಳು, ಆಮೇಲೆ ಸುವರ್ಣಾ ಕಣ್ಣಿನಲ್ಲೇ ಗದರಿಸಿದಳು. ಅಕ್ಕನಿಗೆ ಅದು ಗೊತ್ತಾಗಿ ಮಾತನ್ನೇ ಕಡಿಮೆ ಮಾಡಿದಳು. ಅವಳ ಕೋಣೆಯಲ್ಲಿ ಬಾಟಲಿಯ ಕ್ರೇಟುಗಳಿದ್ದವು. ತೆಗೆಸುತ್ತೇನೆ ಎಂದರೆ, ಯಾಕೆ, ನಾನು ಪಡಸಾಲೆಯಲ್ಲೇ ಮಲಗುತ್ತೇನೆ ಎಂದಳು. ಓಣಿಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿದಳು. ಅವಳು ಕೇಳಿದ ಹೆಸರುಗಳಲ್ಲಿ ಮುಕ್ಕಾಲು ಪಾಲಿನವರು ಇರಲಿಲ್ಲ.

ಒಂದು ವಾರದ ಮೇಲೆ ಅವ್ವನ ಸಮಾಧಿಗೆ ಕರೆದುಕೊಂಡು ಹೋದೆ. ಊರ ಹೊರಗಿನ ರುದ್ರಭೂಮಿ, ಬೆಳಗಿನ ಬಿಸಿಲು. ಅಕ್ಕ ಕಲ್ಲಿನ ಮೇಲೆ ಒಣಗಿದ ಹುಲ್ಲನ್ನು ಒಂದೊಂದೇ ಕಿತ್ತು ಪಕ್ಕಕ್ಕೆ ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನಿನಗ ಒಂದು ಮಾತು ಹೇಳೂದೈತಿ."

"ಹೇಳು."

ಹೇಳಿದೆ. ಎರಡನೇ ವರ್ಷದ ಕೊನೆ, ಹಂಪಣ್ಣವರ ಸಾಹೇಬರ ಮೇಜು, ಖಾಲಿ ವರ್ಷ, ಎಲ್ಲವನ್ನೂ ಹೇಳಿದೆ. ಹೇಳುವಾಗ ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೆ ಕೇಳಿಸಿತೋ ಇಲ್ಲವೋ ಎನಿಸಿತು. ಅವಳು ಹುಲ್ಲು ಕೀಳುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದಳು.

"ಏನ್ ಗೊತ್ತಿತ್ತು?"

"ಅದ. ಒಂದು ವರ್ಷ ನಿಂದರಿಸಿದ್ರ ಬಿಡತಾರ ಅಂತ. ಆಚೆ ಕಚೇರಿಯವರು ಮೊದಲನೇ ವರ್ಷಾನ ಹೇಳಿದ್ರು. ಕೂತವರಿಗೆಲ್ಲ ಹೇಳತಿದ್ರು."

"ಮತ್ಯಾಕ ನನ್ನ ಕೇಳಲಿಲ್ಲ ಅಕ್ಕಾ? ಒಂದು ಮಾತು ಕೇಳಿದ್ರ ನಾ ನಿಂದರಸತಿದ್ದೆ."

"ನಿಂದರಸತಿದ್ದಿ. ಅದು ನನಗ ಗೊತ್ತಿಲ್ಲೇನು? ಅದಕ್ಕ ಕೇಳಲಿಲ್ಲ." ಅವಳು ಕೈಯ ಮಣ್ಣು ಕೊಡವಿದಳು. "ನೀನಾಗೆ ಮಾಡತಿ ಅಂತ ನೋಡ್ಕೋತ ಇದ್ದೆ. ಪ್ರತಿ ಸೋಮವಾರ ಕಲ್ಲಿನ ಹತ್ರ ಬಂದು ನಿಂತಾಗ, ಇವತ್ತು ಗಾಡಿ ಬರಬಾರದಪಾ ಅಂತ ಅನಕೋತಿದ್ದೆ. ಗಾಡಿ ಬರತಿತ್ತು. ಅವ್ವ ಹೋದಾಗ ಖರೇನ ನಿಂದರಸತಿ ಅನಿಸಿತ್ತು. ಆ ಸೋಮವಾರಾನೂ ಬಂತು. ಅವತ್ತಿಗೆ ಬಿಟ್ಟೆ."

"ಏನ್ ಬಿಟ್ಟಿ?"

"ನೋಡೂದು ಬಿಟ್ಟೆ. ಅದಾದ ಮ್ಯಾಲೆ ಅಲ್ಲೆ ನನಗ ಚಲೋ ಆತು. ನಿದ್ದಿ ಬರಾಕ ಹತ್ತಿತು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಕಾಲು ಹಿಡಿದುಕೊಳ್ಳುತ್ತಿದ್ದೆ, ಹಿಡಿದುಕೊಂಡರೆ ಅವಳು ಎಬ್ಬಿಸುತ್ತಿದ್ದಳು. ಅವಳು ಯಾರದೋ ಮನೆಯ ಸಂಗತಿ ಹೇಳುವವಳ ಹಾಗೆ ಹೇಳಿ, ಕಲ್ಲಿಗೆ ವಿಭೂತಿ ಹಚ್ಚಿ, ಹೊರಡೋಣ ಎಂದಳು. ದಾರಿಯಲ್ಲಿ ಬಿಸಿಲು ಹೆಚ್ಚಾಗಿ, ಸೋಡಾ ಕುಡಿಯುತ್ತೀಯಾ ಎಂದು ಕೇಳಿದೆ. ಬೇಡ, ನನಗೆ ಅದರ ರುಚಿ ಸೇರುವುದಿಲ್ಲ ಎಂದಳು.

ಇಪ್ಪತ್ತೆರಡು ದಿನ ಇದ್ದು ಆಚೆಗೆ ಹೊರಟುಹೋದಳು. ಯಾರೂ ತಡೆಯುವ ಹಾಗಿರಲಿಲ್ಲ, ಈಗ ಗಡಿಯಲ್ಲಿ ಬಸ್ಸು ನಿಲ್ಲುವುದೂ ಇಲ್ಲ. ಜಾಮೀನು ಸಾಲಿನ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು, ಅವಳು ಅದೇ ಹದಿನಾಲ್ಕನೆಯದನ್ನು ಹಿಡಿದಳು. ಸುವರ್ಣಾ ಅತ್ತಳು. ಅಶ್ವಿನಿ ಬಸ್ಸಿನವರೆಗೆ ಟ್ರಂಕು ಹೊತ್ತಳು.

ಅವಳು ಹೋದ ಮರುದಿನ ನಾನು ಆಚೆಗೆ ಸೋಡಾ ಕಳಿಸುವುದನ್ನು ನಿಲ್ಲಿಸಿದೆ. ಗಡಿ ದಾಟಲು ಹತ್ತು ನಿಮಿಷ ಸಾಕಾಗಿದ್ದ ಕಾಲ ಅದು. ನಮ್ಮ ಬಳೆಯವರು, ಬೆಲ್ಲದವರು ಆಚೆ ಎರಡೆರಡು ಅಂಗಡಿ ತೆರೆಯುತ್ತಿದ್ದರು. ಜನ ನನಗೆ ತಲೆ ಕೆಟ್ಟಿದೆ ಎಂದರು. ನಾಲ್ಕು ತಿಂಗಳು ಹಾಗೇ ಇದ್ದೆ. ಒಂದು ದಿನ ಅಕ್ಕ ಬಸ್ಸಿನವನ ಕೈಲಿ ಚೀಟಿ ಕಳಿಸಿದಳು. ಇಲ್ಲಿ ಅಂಗಡಿಯವರು ನನ್ನನ್ನು ಕೇಳುತ್ತಾರೆ, ನಾನು ಏನೆಂದು ಹೇಳಲಿ, ಸುಮ್ಮನೆ ಕಳಿಸು, ಎಂದು ಬರೆದಿತ್ತು. ಅದರಲ್ಲಿ ಬೇರೇನೂ ಇರಲಿಲ್ಲ. ಮತ್ತೆ ಕಳಿಸತೊಡಗಿದೆ. ಈಗ ವ್ಯಾನು ಹೋಗುತ್ತದೆ.

ಹೋದ ವರ್ಷ ಅಕ್ಕ ತಾನೇ ವ್ಯಾಪಾರಕ್ಕೆ ಇಳಿದಳು. ಅಲ್ಲಿ ಆರು ಹೆಂಗಸರನ್ನು ಕಟ್ಟಿಕೊಂಡು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಾಳೆ. ಅದನ್ನು ನಮ್ಮ ಊರಿನಲ್ಲೂ ಮಾರಬೇಕೆಂದು ಅರ್ಜಿ ಹಾಕಲು ಬಂದಿದ್ದಳು. ನಾನು ಯಾವುದೋ ಕೆಲಸಕ್ಕೆ ಕಚೇರಿಗೆ ಹೋದವನು, ಕಿಟಕಿಯ ಮುಂದೆ ಅವಳನ್ನು ಕಂಡೆ. ವಾರದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳಂತೆ, ಕಪ್ಪು ಕನ್ನಡಕ ಹಾಕಿದ್ದಳು. ನನಗೆ ಹೇಳಿರಲಿಲ್ಲ.

"ಚಲೋ ಆತು ನೀ ಸಿಕ್ಕಿದ್ದು. ಅಕ್ಷರ ಸಣ್ಣ ಅದಾವ. ಇಷ್ಟು ಬರದು ಕೊಡು," ಎಂದು ಅರ್ಜಿಯನ್ನು ನನ್ನ ಮುಂದೆ ಸರಿಸಿದಳು.

ಒಂದೇ ಹಾಳೆ, ಆರು ಸಾಲು. ಹೆಸರು ಬರೆದೆ. ವಿಳಾಸ, ಜಾಮೀನು ಸಾಲು, ಹದಿನಾಲ್ಕನೇ ಕೋಣೆ. ಸರಕು. ವಾರದಲ್ಲಿ ಎಷ್ಟು ಸಲ. ಐದನೆಯ ಸಾಲಿನಲ್ಲಿ, ಈಚೆ ಬದಿಯಲ್ಲಿ ವಿಚಾರಿಸಬಹುದಾದ ನಿಮ್ಮ ಕಡೆಯವರು, ಎಂದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ, ಅವಳು ಬಾಯಿ ತೆರೆಯುವ ಮೊದಲೇ ನನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದೆ.

"ಮಾಬೂಬಿ ಅಂತ ಬರಿ," ಎಂದಳು ಅಕ್ಕ. "ಬಸ್‌ಸ್ಟ್ಯಾಂಡಿನಾಗ ಚಹಾದಂಗಡಿ. ಹನ್ನೊಂದು ವರ್ಷ ನನ್ನ ಮಗ್ಗಲ ಕೋಣಿಯಾಗ ಕೂತಿದ್ಲು. ನನಗ ಟೈಫಾಯ್ಡ್ ಆದಾಗ ಗಂಜಿ ಕುಡಿಸಿದಾಕಿ."

ಅವಳಿಗೆ ಟೈಫಾಯ್ಡ್ ಆಗಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಮಹಾರುದ್ರಪ್ಪನ ಮ ಬರೆದಾಗಿತ್ತು, ಹೊಡೆದು ಹಾಕುವ ಪ್ರಮೇಯವೂ ಬರಲಿಲ್ಲ. ಅದಕ್ಕೆ ಒಂದು ದೀರ್ಘ ಕೊಟ್ಟು ಹೆಸರು ಪೂರ್ತಿ ಮಾಡಿದೆ. ಅಕ್ಕ ಸಹಿ ಹಾಕಿದಳು. ಕಿಟಕಿಯ ಹುಡುಗಿ ಓದಿ ನೋಡಿ, ಒಂದು ಮುದ್ರೆ ಒತ್ತಿ, ಅರ್ಧ ಹರಿದು ಕೈಗೆ ಕೊಟ್ಟಳು.

"ಮುಗೀತೇನವಾ ಇಷ್ಟಕ್ಕ?" ಎಂದು ಅಕ್ಕ ಕೇಳಿದಳು.

"ಇಷ್ಟರೀ ಅಮ್ಮಾರ."

ಅಕ್ಕ ಆ ಅರ್ಧ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ನಿನ್ನ ಅಕ್ಷರ ಮೊದಲಿಂದಾನೂ ದುಂಡಗ," ಎಂದಳು. ಹಾಳೆಯನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡು, ಸುವರ್ಣಾ ಹೇಗಿದ್ದಾಳೆ, ಅಶ್ವಿನಿಯ ಪರೀಕ್ಷೆ ಯಾವಾಗ ಎಂದು ಕೇಳಿದಳು. ಅವಳ ದನಿ ಈಗ ತಗ್ಗಿತ್ತು, ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. ಮನೆಗೆ ಬಂದು ಊಟ ಮಾಡಿಕೊಂಡು ಹೋಗು ಎಂದೆ. ಮಾಬೂಬಿ ಕಾಯುತ್ತಿರುತ್ತಾಳೆ ಎಂದು ಹೇಳಿ ಬಸ್ ನಿಲ್ದಾಣದ ಕಡೆ ಹೊರಟಳು.